ಕಸಿಯಾದ ಮೇಲೆ ಬಿಗಿಯುವ ಚರ್ಮ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಯಜಮಾನರಿಗೆ ರಕ್ತದ ಕ್ಯಾನ್ಸರ್ ಇತ್ತು. ಅವರ ತಂಗಿಯ ಸ್ಟೆಮ್ ಸೆಲ್ ಕಸಿ ಮಾಡಿ ಒಂದೂವರೆ ವರ್ಷವಾಯಿತು. ಈಗ ಬೆಲ್ಟ್ ಕೂರುವ ಜಾಗದಲ್ಲಿ, ಮುಂಗೈಗಳಲ್ಲಿ ಚರ್ಮ ಗಟ್ಟಿಯಾಗಿದೆ. ಚಿವುಟಿ ಎತ್ತಲು ಬರುವುದಿಲ್ಲ. ಚರ್ಮ ಗಟ್ಟಿಯಾಗಿಸುವ ಇನ್ನೊಂದು ಕಾಯಿಲೆಯಾದ ಸ್ಕ್ಲೆರೋಡರ್ಮಾದ ರಕ್ತಪರೀಕ್ಷೆ ನೆಗೆಟಿವ್ ಬಂದಿದೆ. ಹಾಗಾದರೆ ಇದೇನು? ಕಸಿ ಕೈಕೊಟ್ಟಿತೇ?

ಉತ್ತರ: ಕೈಕೊಟ್ಟಿಲ್ಲ. ದಾನಿಯ ಕೋಶಗಳು ಚೆನ್ನಾಗಿಯೇ ನೆಲೆಯೂರಿವೆ. ತೊಂದರೆ ಅಲ್ಲೇ ಇದೆ: ಆ ಕೋಶಗಳು ನಿಮ್ಮ ಯಜಮಾನರ ದೇಹವನ್ನು ಪರಕೀಯವೆಂದು ಎಣಿಸಿ ಅದರ ಮೇಲೆ ತಿರುಗಿಬಿದ್ದಿರುವಂತಿದೆ. ಇದಕ್ಕೆ ದೀರ್ಘಕಾಲಿಕ ಜಿವಿಎಚ್‌ಡಿ (ಗ್ರಾಫ್ಟ್ ವರ್ಸಸ್ ಹೋಸ್ಟ್ ಡಿಸೀಸ್) ಎನ್ನುತ್ತಾರೆ. ನೀವು ಬರೆದಿರುವುದು ಅದರ ಚರ್ಮ ಗಟ್ಟಿಯಾಗುವ ಬಗೆಯನ್ನು ಹೋಲುತ್ತದೆ. ದಾನಿಯ ಟಿ ಮತ್ತು ಬಿ ಎಂಬ ರೋಗನಿರೋಧಕ ಕೋಶಗಳು ಕೆರಳಿದಾಗ ಮ್ಯಾಕ್ರೋಫೇಜ್ ಎಂಬ ಇನ್ನೊಂದು ಬಗೆಯ ರೋಗನಿರೋಧಕ ಕೋಶಗಳು ಟಿಜಿಎಫ್-ಬೀಟಾ ಎಂಬ ಸಂಕೇತವನ್ನು ಸುರಿಸುತ್ತವೆ, ಅದರಿಂದ ಚರ್ಮದ ನಾರು ಹೆಣೆಯುವ ಫೈಬ್ರೋಬ್ಲಾಸ್ಟ್ ಕೋಶಗಳು ಬೇಕಿಲ್ಲದಷ್ಟು ಕೊಲಾಜೆನ್ ಎಂಬ ನಾರನ್ನು ನೇಯುತ್ತವೆ. ದಾನಿ ಹೆಣ್ಣು, ಪಡೆದವರು ಗಂಡು ಆಗಿದ್ದಾಗ ಮತ್ತು ಅಸ್ಥಿಮಜ್ಜೆಯ ಬದಲು ರಕ್ತದಿಂದ ತೆಗೆದ ಸ್ಟೆಮ್ ಸೆಲ್ ಬಳಸಿದಾಗ ಇದರ ಸಾಧ್ಯತೆ ಹೆಚ್ಚು.

ರಕ್ತಪರೀಕ್ಷೆ ನೆಗೆಟಿವ್ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಸ್ಕ್ಲೆರೋಡರ್ಮಾ ಸಾಮಾನ್ಯವಾಗಿ ಬೆರಳಿನಿಂದ ಶುರುವಾಗುತ್ತದೆ, ಚಳಿಗೆ ಬೆರಳು ಬಿಳಿಚಿಕೊಳ್ಳುತ್ತವೆ, ರಕ್ತದಲ್ಲಿ ಅದರದೇ ಪ್ರತಿಕಾಯಗಳು ಸಿಗುತ್ತವೆ. ಇಲ್ಲಿ ಈ ಮೂರೂ ಅಪರೂಪ. ಇದು ಮುಂಡದಲ್ಲಿ, ಬಟ್ಟೆ ಬಿಗಿಯಾಗಿ ಉಜ್ಜುವ ಕಡೆ ಮೊದಲು ಕಾಣಿಸಿಕೊಳ್ಳುವುದುಂಟು. ಲಕ್ಷಣಗಳು ಸ್ಪಷ್ಟವಾಗಿದ್ದರೆ ಚರ್ಮದ ಚೂರು ತೆಗೆದು ನೋಡುವ ಬಯಾಪ್ಸಿ ಬೇಡ. ಗಟ್ಟಿ ಚರ್ಮದಲ್ಲಿ ಆಳವಾಗಿ ಕತ್ತರಿಸಿದ ಗಾಯ ಬೇಗ ಮಾಯುವುದಿಲ್ಲ.

ಮೇಲಿನ ಚರ್ಮ ಮೆತ್ತಗಿದ್ದು ಆಳದಲ್ಲಿ ಮಾತ್ರ ಬಿಗಿತವಿದ್ದರೆ ಸ್ನಾಯುವಿನ ಹೊದಿಕೆಗೆ ಉರಿಯೂತ ತಗುಲಿದೆ ಎಂದು ಅನುಮಾನಿಸಬೇಕು. ಅಂಥಲ್ಲಿ ಕಿತ್ತಳೆ ಸಿಪ್ಪೆಯಂಥ ಗುಳಿಗಳು ಕಾಣುತ್ತವೆ. ಕೈ ಮೇಲೆತ್ತಿದರೆ ರಕ್ತನಾಳದ ಗುಂಟ ಚರ್ಮ ಗೀರಿನಂತೆ ಒಳಸರಿಯುತ್ತದೆ. ಅದಕ್ಕೂ ಮುಂಚೆ ಕೈಕಾಲು ಊದುವುದು, ಸ್ನಾಯು ಸೆಡೆತ, ರಕ್ತದಲ್ಲಿ ಇಯೋಸಿನೋಫಿಲ್ ಎಂಬ ಬಿಳಿರಕ್ತಕಣ ಏರುವುದು ಇರಬಹುದು. ಈ ಊತವನ್ನು ಬರೀ ನೀರು ತುಂಬಿದ್ದೆಂದು ಮೂತ್ರ ಹೆಚ್ಚಿಸುವ ಮಾತ್ರೆ ಕೊಟ್ಟು ತಿಂಗಳುಗಟ್ಟಲೆ ಕಳೆಯುವುದು ನಮ್ಮ ಪ್ರಕಾರ ಈ ಕಾಯಿಲೆಯಲ್ಲಿ ಆಗುವ ಅತಿ ದುಬಾರಿ ತಪ್ಪು. ಊತದ ಹಂತದಲ್ಲಿ ಔಷಧಿ ಕೆಲಸ ಮಾಡುವಷ್ಟು ಚೆನ್ನಾಗಿ, ಕೊಲಾಜೆನ್ ಕಟ್ಟಿಕೊಂಡ ಮೇಲೆ ಮಾಡುವುದಿಲ್ಲ.

ಪ್ರಶ್ನೆ: ದಿನಾ ಮುಲಾಮು ಹಚ್ಚಿ ತಿಕ್ಕಿದರೆ ಸಾಕೇ? ಕಾಯಿಲೆ ಹೆಚ್ಚುತ್ತಿದೆಯೋ ಇಲ್ಲವೋ ಮನೆಯಲ್ಲೇ ತಿಳಿಯುವುದು ಹೇಗೆ?

ಉತ್ತರ: ಮುಲಾಮು ಮೇಲ್ಪದರದ ಒಣಗುವಿಕೆಗೆ, ತುರಿಕೆಗೆ ಸರಿ, ಆಳದ ಬಿಗಿತಕ್ಕೆ ಅದು ತಲುಪುವುದೇ ಇಲ್ಲ. ಚರ್ಮ ತೆಳುವಾಗಿ ಹೊಳೆಯುತ್ತಿರುವ ಕಡೆ ಜೋರಾಗಿ ತಿಕ್ಕಿದರೆ ಹರಿಯುತ್ತದೆ.

ಕಣ್ಣಳತೆಯನ್ನು ನಂಬಬೇಡಿ. ಬಿಗಿತ ಮೆಲ್ಲಗೆ ಏರುವುದರಿಂದ ರೋಗಿಗಳು ಗೊತ್ತಾಗದಂತೆ ಹೊಂದಿಕೊಂಡುಬಿಡುತ್ತಾರೆ: ತಲೆಯ ಮೇಲಿಂದ ಅಂಗಿ ಹಾಕುವುದನ್ನು ಬಿಟ್ಟು ಗುಂಡಿಯ ಅಂಗಿಗೆ ಬರುತ್ತಾರೆ, ಕುಕ್ಕರಗಾಲಲ್ಲಿ ಕೂರುವುದನ್ನು ಬಿಡುತ್ತಾರೆ. ಅದಕ್ಕೇ ತಿಂಗಳಿಗೊಮ್ಮೆ ನಾಲ್ಕು ಫೋಟೋ ತೆಗೆದಿಡಿ: ಎರಡೂ ಕೈ ನೇರ ಮೇಲೆತ್ತಿ ಭುಜ, ಪೂರ್ತಿ ಚಾಚಿ ಮೊಣಕೈ, ನಮಸ್ಕಾರದ ಭಂಗಿಯಲ್ಲಿ ಮಣಿಕಟ್ಟು ಮತ್ತು ಬೆರಳು, ಪಾದವನ್ನು ಮೇಲಕ್ಕೆ ಮಡಿಸಿ ಕಾಲ್ಗಿಣ್ಣು. ನಮಸ್ಕಾರದಲ್ಲಿ ಅಂಗೈಗಳ ನಡುವೆ ಸಂದು ಉಳಿದರೆ ಅದು ಬಿಗಿತದ ಗುರುತು. ವೈದ್ಯರೂ ಇಂಥದೇ ಭಂಗಿಗಳಿಗೆ ಅಂಕ ಕೊಡುತ್ತಾರೆ. ಮೊದಲ ಮೂರಕ್ಕೆ ಪೂರ್ಣ ಅಂಕ ತಲಾ 7, ಕಾಲ್ಗಿಣ್ಣಿಗೆ 4. ಅಂಕ ಇಳಿದರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ.

ವ್ಯಾಯಾಮವನ್ನು ಬೆಚ್ಚನೆ ನೀರಿನ ಸ್ನಾನದ ನಂತರ ಮಾಡಿದರೆ ಸುಲಭ. ಅದೇ ಭಂಗಿಗಳಲ್ಲಿ ಚೆನ್ನಾಗಿ ಎಳೆತ ಗೊತ್ತಾಗುವವರೆಗೆ ಹೋಗಿ, 30 ಸೆಕೆಂಡು ಹಿಡಿದು, 3ರಿಂದ 5 ಸಲ, ದಿನಕ್ಕೆರಡು ಹೊತ್ತು. ಕುಲುಕಬಾರದು, ನೋವು ಬಂದರೆ ಅಲ್ಲಿಗೆ ನಿಲ್ಲಿಸಿ. ಬಾಯಿ ಅಗಲಿಸುವುದು, ಎದೆ ತುಂಬ ಉಸಿರೆಳೆಯುವುದೂ ಇರಲಿ. ಮಣಿಕಟ್ಟು ಮಡಿಚಿಕೊಳ್ಳುತ್ತಿದ್ದರೆ ರಾತ್ರಿ ಕಟ್ಟುವ ಸ್ಪ್ಲಿಂಟ್ ಬಗ್ಗೆ ಫಿಸಿಯೋಥೆರಪಿಸ್ಟ್ ಬಳಿ ಕೇಳಿ. ಕುರ್ಚಿಯಿಂದ ಏಳಲು ಕಷ್ಟವಾಗುವುದು ಮಾತ್ರ ಚರ್ಮದ ತಪ್ಪಾಗಿರದೆ ಸ್ಟಿರಾಯ್ಡ್‌ನಿಂದ ತೊಡೆಯ ಸ್ನಾಯು ಸೊರಗಿದ್ದಿರಬಹುದು.

ಪ್ರಶ್ನೆ: ಸ್ಟಿರಾಯ್ಡ್ ಎಷ್ಟು ದಿನ? ಬೇರೆ ಔಷಧಿ ಇದೆಯೇ?

ಉತ್ತರ: ಸಾಮಾನ್ಯವಾಗಿ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.5ರಿಂದ 1 ಮಿ.ಗ್ರಾಂ ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್‌ನಿಂದ ಆರಂಭಿಸಿ ನಿಧಾನವಾಗಿ ಇಳಿಸುತ್ತಾರೆ. ನೀವಾಗಿ ನಿಲ್ಲಿಸಿದರೆ ಕಾಯಿಲೆ ಮರಳುವುದಷ್ಟೇ ಅಲ್ಲ, ಅಡ್ರಿನಲ್ ಗ್ರಂಥಿ ಸೋತು ರಕ್ತದೊತ್ತಡ ಕುಸಿಯಬಹುದು. ಪೂರ್ಣ ಪ್ರಮಾಣದಲ್ಲಿ ಒಂದೆರಡು ವಾರ ಕೊಟ್ಟರೂ ಬಿಗಿತ ಏರುತ್ತಲೇ ಇದ್ದರೆ ಎರಡನೇ ಸಾಲಿನ ಔಷಧಿಗೆ ಹೋಗಬೇಕು.

ಅಂಥ ಔಷಧಿಗಳಲ್ಲಿ ಒಂದಾದ ರಕ್ಸೋಲಿಟಿನಿಬ್ ದಿನಕ್ಕೆರಡು ಸಲ 10 ಮಿ.ಗ್ರಾಂ ರೂಢಿ. ರಕ್ತಕಣಗಳು ಇಳಿಯಬಹುದು, ಫಂಗಸ್ ತಡೆಯಲು ಕೊಡುವ ಫ್ಲುಕೊನಝೋಲ್, ಪೊಸಾಕೊನಝೋಲ್‌ಗಳು ರಕ್ತದಲ್ಲಿ ಈ ಔಷಧಿಯ ಮಟ್ಟವನ್ನು ಏರಿಸುತ್ತವೆ. ಬೆಲುಮೊಸುಡಿಲ್ ಕೊಲಾಜೆನ್ ಕಟ್ಟುವ ದಾರಿಯನ್ನೇ ತಡೆಯುವಂಥದು, ದಿನಕ್ಕೊಮ್ಮೆ 200 ಮಿ.ಗ್ರಾಂ, ಊಟದೊಂದಿಗೆ. ಪ್ಯಾಂಟೊಪ್ರಝೋಲ್‌ನಂಥ ಆಸಿಡಿಟಿ ಮಾತ್ರೆ ಅದು ಮೈಗೆ ಹತ್ತುವುದನ್ನು ಕಡಿಮೆ ಮಾಡುತ್ತದೆ. ಆದ್ದರಿಂದ ನುಂಗುತ್ತಿರುವ ಮಾತ್ರೆಗಳ ಪೂರ್ತಿ ಪಟ್ಟಿ, ಸ್ವಂತಕ್ಕೆ ಕೊಂಡವೂ ಸೇರಿ, ವೈದ್ಯರ ಮುಂದಿಡಿ. ರಕ್ತವನ್ನು ಹೊರತೆಗೆದು ಬಿಳಿರಕ್ತಕಣಗಳಿಗೆ ಔಷಧಿ ಬೆರೆಸಿ ಯುವಿಎ (ಒಂದು ಬಗೆಯ ಅತಿನೇರಳೆ) ಬೆಳಕು ಹಾಯಿಸಿ ಮರಳಿಸುವ ಫೋಟೊಫೆರೆಸಿಸ್ ಸೋಂಕಿನ ಭಯವನ್ನು ಅಷ್ಟಾಗಿ ಹೆಚ್ಚಿಸುವುದಿಲ್ಲ. ಆದರೆ ಗಟ್ಟಿ ಚರ್ಮದಡಿ ದಪ್ಪ ಸೂಜಿಗೆ ರಕ್ತನಾಳ ಸಿಗುವುದು ಕಷ್ಟ.

ಯಾವುದೇ ಆದರೂ ಚರ್ಮ ಸಡಿಲವಾಗಲು ತಿಂಗಳುಗಳು ಹಿಡಿಯುತ್ತವೆ. ಮೂರು ತಿಂಗಳಲ್ಲಿ ಬಿಗಿತ ಮುಂದುವರಿಯದೆ ನಿಂತಿದ್ದರೂ ಅದನ್ನು ಲಾಭವೆಂದೇ ಲೆಕ್ಕಹಾಕಿ.

ಪ್ರಶ್ನೆ: ಬಿಸಿಲಿಗೆ ಹೋದರೆ ವಿಪರೀತ ಸುಸ್ತು. ಕಾಲಿನ ಗಾಯವೂ ಮಾಯುತ್ತಿಲ್ಲ.

ಉತ್ತರ: ಬೆವರು ಗ್ರಂಥಿಗಳು ಹಾಳಾಗಿದ್ದರೆ ಮೈ ತಣಿಯುವುದಿಲ್ಲ, ಸೆಕೆಯಲ್ಲಿ ಶ್ರಮದ ಕೆಲಸ ಬೇಡ. ಬಿಸಿಲು ಕಾಯಿಲೆಯನ್ನೂ ಕೆರಳಿಸುತ್ತದೆ. ಫಂಗಸ್‌ಗೆ ಕೊಡುವ ವೊರಿಕೊನಝೋಲ್ ದೀರ್ಘಕಾಲ ತೆಗೆದುಕೊಂಡವರಿಗೆ ಚರ್ಮದ ಕ್ಯಾನ್ಸರ್ ಅಪಾಯ ಜಾಸ್ತಿ. ಆದ್ದರಿಂದ ಮಾಯದ ಗಾಯವನ್ನು ಚರ್ಮವೈದ್ಯರಿಗೆ ತೋರಿಸಲೇಬೇಕು. ಅಂಟುಪಟ್ಟಿ ಹಚ್ಚಬೇಡಿ, ಕೀಳುವಾಗ ಚರ್ಮವೂ ಬರುತ್ತದೆ. ಅಂಟದ ಡ್ರೆಸ್ಸಿಂಗ್ ಇಟ್ಟು ಬಟ್ಟೆಪಟ್ಟಿ ಸಡಿಲವಾಗಿ ಸುತ್ತಿ. ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಮೆಟ್ಟಿಲು ಹತ್ತಿದರೆ ಏದುಸಿರು. ಎದೆಯ ಚರ್ಮ ಬಿಗಿದದ್ದಕ್ಕೇ ತಾನೇ?

ಉತ್ತರ: ಇರಬಹುದು, ಆದರೆ ಹಾಗೆಂದು ಊಹಿಸಿ ಕೂರಬೇಡಿ. ಇದೇ ಕಾಯಿಲೆ ಶ್ವಾಸಕೋಶದ ಸಣ್ಣ ಕೊಳವೆಗಳನ್ನೂ ಮುಚ್ಚಬಲ್ಲದು, ಹಾಗೆ ಕಳೆದುಕೊಂಡದ್ದು ಬಹುಮಟ್ಟಿಗೆ ಮರಳುವುದಿಲ್ಲ. ಉಸಿರನ್ನು ಊದಿಸಿ ಅಳೆಯುವ ಸ್ಪೈರೊಮೆಟ್ರಿ ಪರೀಕ್ಷೆ ಎರಡನ್ನೂ ಬೇರ್ಪಡಿಸುತ್ತದೆ: ಮೊದಲ ಸೆಕೆಂಡಿನಲ್ಲಿ ಊದುವ ಗಾಳಿ ಮಾತ್ರ ಹೆಚ್ಚು ಇಳಿದಿದ್ದರೆ ಕೊಳವೆಯ ತೊಂದರೆ, ಒಟ್ಟು ಗಾಳಿಯೂ ಅದೇ ಪ್ರಮಾಣದಲ್ಲಿ ಇಳಿದಿದ್ದರೆ ಎದೆಗೂಡಿನ ಬಿಗಿತದತ್ತ ಬೊಟ್ಟು. ಕಾಯಿಲೆ ಚುರುಕಾಗಿರುವಷ್ಟು ಕಾಲ ಮೂರು ತಿಂಗಳಿಗೊಮ್ಮೆ ಈ ಪರೀಕ್ಷೆ ಮಾಡಿಸಿ, ಹಳೆಯ ವರದಿಗಳನ್ನೂ ಜೊತೆಗೆ ಒಯ್ಯಿರಿ.