ಓದುಗರ ಪ್ರಶ್ನೆಗಳಿಗೆ ಉತ್ತರ: ಹ್ಯಾಲಿಡೇ ಅವರ ಕೊನೆಯ ಆಲ್ಬಂ ಮತ್ತು ಮಾರಾಟದ ಲೆಕ್ಕ

ಪ್ರಶ್ನೆ: ಫ್ರಾನ್ಸಿನ ರಾಕ್ ಗಾಯಕ ಜಾನಿ ಹ್ಯಾಲಿಡೇ ಅವರು ತೀರಿಕೊಂಡ ಮೇಲೆ ಬಿಡುಗಡೆಯಾದ ಆಲ್ಬಂ ಅಲ್ಲಿನ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತೆಂದು ಓದಿದೆ. ಇದು ಹಾಡುಗಳಿಗೆ ಸಿಕ್ಕ ಮನ್ನಣೆಯೋ, ಅನುಕಂಪವೋ?
– ಓದುಗರೊಬ್ಬರು, ಸೇಡಂ

ಉತ್ತರ: ಅನುಕಂಪದ ಪಾಲು ಇದ್ದೇ ಇದೆ, ಆದರೆ ಅದೊಂದರಿಂದಲೇ ಇಷ್ಟು ದೊಡ್ಡ ಮಾರಾಟ ಆಗುವುದಿಲ್ಲ. 1943ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಹ್ಯಾಲಿಡೇ 1960ರಲ್ಲಿ ತಮ್ಮ ಮೊದಲ ಧ್ವನಿಮುದ್ರಿಕೆಯನ್ನು ತಂದರು. ಅಮೆರಿಕದ ರಾಕ್ ಅಂಡ್ ರೋಲ್ ಶೈಲಿಯನ್ನು ಫ್ರೆಂಚ್ ಭಾಷೆಯಲ್ಲಿಯೇ ಹಾಡಿ ಮನೆಮಾತಾದ ಅವರು, ಇಂಗ್ಲಿಷ್ ಬಲ್ಲ ಜಗತ್ತಿಗೆ ಬಹುಮಟ್ಟಿಗೆ ಅಪರಿಚಿತರಾಗಿಯೇ ಉಳಿದರೂ, ತಮ್ಮ ದೇಶದಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಮುಂಚೂಣಿಯಲ್ಲಿದ್ದರು. 2017ರ ಡಿಸೆಂಬರ್ 5ರಂದು ಶ್ವಾಸಕೋಶದ ಕ್ಯಾನ್ಸರ್‌ನಿಂದ ನಿಧನರಾದಾಗ ಪ್ಯಾರಿಸ್‌ನ ಶಾಂಜ್ ಎಲಿಝೆ ರಸ್ತೆಯಲ್ಲಿ ಅಂತಿಮಯಾತ್ರೆಗೆ ಲಕ್ಷಾಂತರ ಜನ ಸೇರಿದ್ದರು. ಅಧ್ಯಕ್ಷ ಮ್ಯಾಕ್ರನ್ ಅವರೇ ಬಂದು ಮಾತನಾಡಿದ್ದರು.

ಅನಾರೋಗ್ಯದ ನಡುವೆಯೇ ಅವರು ಹಾಡಿಟ್ಟಿದ್ದ ‘ಮೋನ್ ಪೇಯಿ ಸೆ ಲಾಮೂರ್’ ಅವರ ಐವತ್ತೊಂದನೆಯ ಸ್ಟುಡಿಯೊ ಆಲ್ಬಂ. ಆಸ್ತಿಯ ವಿಷಯದಲ್ಲಿ ಕುಟುಂಬದೊಳಗೆ ವ್ಯಾಜ್ಯ ನಡೆದಿತ್ತು. ಬಿಡುಗಡೆಗೆ ಮುನ್ನ ಹಾಡುಗಳನ್ನು ಕೇಳಿ ಪರಿಶೀಲಿಸುವ ಹಕ್ಕು ತಮಗೆ ಬೇಕೆಂದು ಹಿರಿಯ ಮಕ್ಕಳಿಬ್ಬರು ಸಲ್ಲಿಸಿದ್ದ ಕೋರಿಕೆಯನ್ನು ನಾಂತೇರ್ ನ್ಯಾಯಾಲಯವು 2018ರ ಏಪ್ರಿಲ್‌ನಲ್ಲಿ ತಳ್ಳಿಹಾಕಿತು. ಈ ಸುದ್ದಿಗಳೆಲ್ಲ ಕುತೂಹಲವನ್ನು ಹೆಚ್ಚಿಸಿದವೇ ಹೊರತು ಕುಗ್ಗಿಸಲಿಲ್ಲ. 2018ರ ಅಕ್ಟೋಬರ್ 19ರಂದು ಹೊರಬಂದ ಆಲ್ಬಂ ಮೊದಲ ವಾರದಲ್ಲೇ ಫ್ರಾನ್ಸಿನಲ್ಲಿ ಸುಮಾರು 7.8 ಲಕ್ಷ ಪ್ರತಿ ಮಾರಾಟವಾಗಿ, ಆ ವರ್ಷ ಅಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂ ಎನಿಸಿತು. ನನ್ನ ಎಣಿಕೆಯಲ್ಲಿ ಇದರ ಗುಟ್ಟಿರುವುದು ಕೊಂಡವರಲ್ಲಿ: ಅರುವತ್ತರ ದಶಕದಿಂದ ಜೊತೆಗಿದ್ದ ಅಭಿಮಾನಿಗಳು ಹಾಡನ್ನು ಫೋನಿನಲ್ಲಿ ಕೇಳಿ ಸುಮ್ಮನಾಗುವವರಲ್ಲ, ಸಿ.ಡಿ.ಯನ್ನೋ ಎಲ್‌ಪಿ ರೆಕಾರ್ಡಿನ ದೊಡ್ಡ ತಟ್ಟೆಯನ್ನೋ ಕೈಯಲ್ಲಿ ಹಿಡಿಯಬೇಕೆನ್ನುವವರು. ಹಾಡುಗಳ ಗುಣ ಬೇರೆಯೇ ಮಾತು. ಗಿಟಾರ್ ಮತ್ತು ಬ್ಲೂಸ್ ನೆಲೆಯ ಹಳೆಯ ಧಾಟಿಯೇ ಅಲ್ಲಿದೆ. ಹೊಸತೇನನ್ನೂ ಸಾಧಿಸುವ ಹಂಬಲ ಅದಕ್ಕಿಲ್ಲ.

ಪ್ರಶ್ನೆ: ಅಂತರ್ಜಾಲದಲ್ಲಿ ಕೇಳಿದ್ದನ್ನೂ ಮಾರಾಟವೆಂದು ಹೇಗೆ ಎಣಿಸುತ್ತಾರೆ?
– ಓದುಗರೊಬ್ಬರು, ಹುಮನಾಬಾದ್

ಉತ್ತರ: ಫ್ರಾನ್ಸಿನ ಧ್ವನಿಮುದ್ರಣ ಸಂಸ್ಥೆಗಳ ಒಕ್ಕೂಟವಾದ ಸ್ನೆಪ್, ಅಂಗಡಿಯ ಮಾರಾಟದ ಜೊತೆಗೆ 2016ರಿಂದ ಸ್ಟ್ರೀಮಿಂಗ್ ಲೆಕ್ಕವನ್ನೂ ಆಲ್ಬಂ ಪಟ್ಟಿಗೆ ಸೇರಿಸುತ್ತಿದೆ. 2018ರಿಂದ ಹಣ ಕೊಟ್ಟ ಚಂದಾದಾರರು ಕೇಳಿದ್ದಕ್ಕೆ ಮಾತ್ರ ಬೆಲೆಯಿದೆ, ಪುಕ್ಕಟೆ ಕೇಳಿದ್ದಕ್ಕಿಲ್ಲ. 1,500 ಸಲ ಕೇಳಿದರೆ ಒಂದು ಆಲ್ಬಂ ಮಾರಿದಂತೆ. ಒಂದೇ ಜನಪ್ರಿಯ ಹಾಡು ಇಡೀ ಆಲ್ಬಮ್ಮನ್ನು ಮೇಲಕ್ಕೆಳೆಯದಂತೆ ಅತಿ ಹೆಚ್ಚು ಕೇಳಲಾದ ಹಾಡಿನ ಲೆಕ್ಕದಲ್ಲಿ ಅರ್ಧವನ್ನು ಕಳೆಯುತ್ತಾರೆ. ಮಾರಾಟವನ್ನು ನೋಡಿ ಸ್ನೆಪ್ ಕೊಡುವ ಚಿನ್ನದ ಮನ್ನಣೆಗೆ 50 ಸಾವಿರ, ಪ್ಲಾಟಿನಂಗೆ 1 ಲಕ್ಷ, ವಜ್ರಕ್ಕೆ 5 ಲಕ್ಷ ಪ್ರತಿಗಳಾಗಬೇಕು. ಹ್ಯಾಲಿಡೇ ಅವರ ಆಲ್ಬಂ ವಜ್ರದ ಗಡಿಯನ್ನು ಮೊದಲ ವಾರದಲ್ಲೇ ದಾಟಿತು.

ಪ್ರಶ್ನೆ: ನಮ್ಮ ಭಾಗದ ತತ್ವಪದ, ಜಾನಪದ ಹಾಡುಗಳಿಗೂ ಇಂತಹ ಪಟ್ಟಿಯನ್ನು ಮಾಡಬಹುದಲ್ಲವೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಪ್ರತಿ ಅಂಗಡಿಯಲ್ಲೂ ಬಿಲ್ ಆಗಿ ಲೆಕ್ಕ ಒಂದೆಡೆ ಸೇರಿದರೆ ಮಾತ್ರ ಅಂತಹ ಪಟ್ಟಿ ಸಾಧ್ಯ. ಶರಣಬಸವೇಶ್ವರ ಜಾತ್ರೆಯ ಮಳಿಗೆಗಳಲ್ಲಿ ಬಿಕರಿಯಾದ ಕ್ಯಾಸೆಟ್ಟುಗಳಿಗಾಗಲಿ, ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ತುಂಬಿಸಿಕೊಂಡ ಹಾಡುಗಳಿಗಾಗಲಿ ಬಿಲ್ ಎಲ್ಲಿಯದು? ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಒಂದೇ ಪದವನ್ನು ಹತ್ತಾರು ಭಜನಾ ಮೇಳಗಳು ತಮ್ಮ ತಮ್ಮ ಧಾಟಿಯಲ್ಲಿ ಹಾಡಿ ಯೂಟ್ಯೂಬಿಗೆ ಏರಿಸುವುದರಿಂದ, ಅಲ್ಲಿನ ವೀಕ್ಷಣೆಯ ಸಂಖ್ಯೆಯೂ ಹರಿದು ಹಂಚಿಹೋಗುತ್ತದೆ. ಪಟ್ಟಿ ಮಾಡುವವರು ಮೊದಲು ಪದವನ್ನು ಎಣಿಸಬೇಕೋ, ಹಾಡಿದ ಮೇಳವನ್ನು ಎಣಿಸಬೇಕೋ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. ಮೇಳವನ್ನು ಎಣಿಸುವುದೇ ನ್ಯಾಯವೆಂದು ನನಗೆ ತೋರುತ್ತದೆ. ಹಾಡಿದವರ ಹೆಸರಾದರೂ ಆಗ ದಾಖಲಾಗುತ್ತದೆ.