1984ರ ಮೆಗಾಟ್ರಾನ್ ಗೊಂಬೆ: ಅಸಲಿ ಅಂತ ಹೇಗೆ ತಿಳಿಯುವುದು, ಎಷ್ಟು ಕೊಡಬಹುದು?

ನೀವು ಕೇಳಿರುವುದು ಇಷ್ಟು: ಅಮೆರಿಕದಲ್ಲಿದ್ದೀರಿ, ಪರಿಚಯದ ಒಬ್ಬರು 1984ರ ಟ್ರಾನ್ಸ್‌ಫಾರ್ಮರ್ಸ್ ಮೆಗಾಟ್ರಾನ್ (ಪಿಸ್ತೂಲಿನಿಂದ ರೋಬೋ ಆಗುವ ಗೊಂಬೆ) ಮಾರುತ್ತಿದ್ದಾರೆ. ಪೆಟ್ಟಿಗೆ ಇಲ್ಲ. ಫೋಟೊದಲ್ಲಿ ಫಳಫಳ ಹೊಳೆಯುತ್ತಿದೆ. ಅಸಲಿ ಹೌದೋ ಅಲ್ಲವೋ, ಎಷ್ಟು ಕೊಡಬಹುದು, ಊರಿಗೆ ತರಬಹುದಾ?

ಮೊದಲು ಆ ಫಳಫಳದ ವಿಷಯ. ನನಗೆ ಅನುಮಾನ ಬಂದಿದ್ದೇ ಅಲ್ಲಿ. ಈ ಗೊಂಬೆಯ ಮೈಯ ಹೆಚ್ಚು ಭಾಗಕ್ಕೆ ಹತ್ತಿಸಿರುವುದು ತೆಳುವಾದ ಕ್ರೋಮ್. ಹಳೇ ಗಿಲೀಟಿನ ಒಡವೆ ಹಾಗೆ, ಅಂಚುಗಳಲ್ಲೇ ಮೊದಲು ಸವೆಯುತ್ತೆ. ನಲವತ್ತು ವರ್ಷದಲ್ಲಿ ಒಂದು ಮಗುವಾದರೂ ಅದರಲ್ಲಿ ಆಡಿರುತ್ತೆ ಅಲ್ವಾ? ಹಾಗಾಗಿ ಟ್ರಿಗರ್ ಸುತ್ತಲಿನ ಬಳೆ, ನಳಿಕೆಯ ತುದಿ, ಬೆರಳು ತಾಗುವ ಮೂಲೆಗಳು, ಇಲ್ಲೆಲ್ಲ ಸ್ವಲ್ಪ ಸವೆದಿದ್ದರೆ ಅದು ಒಳ್ಳೆಯ ಲಕ್ಷಣ. ಮೂಲೆಮೂಲೆಯೂ ಕನ್ನಡಿಯಂತಿದ್ದು, ಪೆಟ್ಟಿಗೆಯೂ ಇಲ್ಲ ಅಂದರೆ ಮೂರರಲ್ಲಿ ಒಂದು: ನಕಲಿ, ಆಮೇಲೆ ಬಂದ ಮರುಬಿಡುಗಡೆ, ಅಥವಾ ಮತ್ತೆ ಕ್ರೋಮ್ ಹಾಕಿಸಿದ್ದು. ಯಾರೋ ಬಹಳ ಜೋಪಾನವಾಗಿ ಇಟ್ಟುಕೊಂಡಿದ್ದು ಅನ್ನುವುದೂ ಆಗದ ಮಾತಲ್ಲ. ಆದರೆ ಅಂಥದ್ದನ್ನು ಪೆಟ್ಟಿಗೆ ಬಿಸಾಡಿ ಇಟ್ಟುಕೊಳ್ಳುವವರು ಕಡಿಮೆ.

ಸ್ವಲ್ಪ ಹಿನ್ನೆಲೆ ಹೇಳಿದರೆ ಮುಂದಿನದು ಸುಲಭವಾಗಿ ಅರ್ಥವಾಗುತ್ತೆ. ಈ ಅಚ್ಚು ಮಾಡಿದಾಗ ಮೆಗಾಟ್ರಾನ್ ಅನ್ನುವ ಖಳನಾಯಕನೇ ಹುಟ್ಟಿರಲಿಲ್ಲ. ಜಪಾನಿನ ಟಕಾರ ಕಂಪನಿ 1983ರಲ್ಲಿ ಮೈಕ್ರೊ ಚೇಂಜ್ ಅನ್ನುವ ಆಟಿಕೆ ಸಾಲಿನಲ್ಲಿ ಇದನ್ನು ಮಾಡಿತು. ಜರ್ಮನಿಯ ವಾಲ್ಥರ್ ಪಿ38 ಪಿಸ್ತೂಲಿನ ರೂಪ, ಅದಕ್ಕೆ 1960ರ ದಶಕದ ಒಂದು ಅಮೆರಿಕನ್ ಗೂಢಚಾರಿ ಧಾರಾವಾಹಿಯಲ್ಲಿದ್ದಂತೆ ಸ್ಕೋಪು, ಸ್ಟಾಕು (ಭುಜಕ್ಕೆ ಒತ್ತಿ ಹಿಡಿಯುವ ಹಿಂಭಾಗ), ಉದ್ದ ಸೈಲೆನ್ಸರು. ಮರುವರ್ಷ ಅಮೆರಿಕನ್ ಆಟಿಕೆ ಕಂಪನಿ ಹ್ಯಾಸ್‌ಬ್ರೊ ಇಂಥ ಆಟಿಕೆಗಳನ್ನು ಅಮೆರಿಕಕ್ಕೆ ತಂದು, ಹೆಸರು ಕೊಟ್ಟು, ಕಥೆ ಕಟ್ಟಿಸಿ, ಕಾರ್ಟೂನ್ ಮಾಡಿಸಿತು. ಅದಕ್ಕೇ ಈ ಗೊಂಬೆ ಟೀವಿಯಲ್ಲಿ ನೋಡಿದ ಮೆಗಾಟ್ರಾನ್‌ನಂತೆ ಕಾಣುವುದಿಲ್ಲ. ಕಾಲು ಸಣಕಲು, ಟ್ರಿಗರ್ ಹೋಗಿ ಎರಡು ಕಾಲಿನ ನಡುವೆ ಕೂರುತ್ತೆ. ಸೈನ್ಯಕ್ಕೇ ಒಡೆಯನಾದವನ ಗತಿ! (ಕಾರ್ಟೂನಿನಲ್ಲೂ ಅಷ್ಟೇ. ಅವನು ಪಿಸ್ತೂಲಾದರೆ ಗುರಿ ಇಡುವುದು ಬೇರೆಯವರು, ಎಷ್ಟೋ ಸಲ ಅವನ ಕುರ್ಚಿಯ ಮೇಲೇ ಕಣ್ಣಿಟ್ಟಿರುವ ಅವನದೇ ಬಂಟ ಸ್ಟಾರ್‌ಸ್ಕ್ರೀಮ್.)

ಈಗ ಗೊಂಬೆ ಕೈಗೆ ಸಿಕ್ಕಾಗ ಏನು ನೋಡಬೇಕು ಅನ್ನುವುದು. ಮೈಮೇಲೆ ಅಚ್ಚೊತ್ತಿದ ಬರಹ ಹುಡುಕಿ. ಟಕಾರ, ಜಪಾನ್ ಅಂತ ಚೂಪಾಗಿ ಓದುವಂತಿರಬೇಕು. ಹಲವು ನಕಲಿಗಳಲ್ಲಿ ಹೆಸರನ್ನೇ ಅಳಿಸಿರುತ್ತಾರೆ, ಆ ಜಾಗ ತೇಪೆ ಹಾಕಿದಂತೆ ಕಾಣುತ್ತೆ. ಆದರೆ ಬರಹ ಇದೆ ಅಂದ ಮಾತ್ರಕ್ಕೆ 1984ರದ್ದೇ ಅಂತಲೂ ಅಲ್ಲ, ಜಪಾನಿನಲ್ಲಿ ಇದು ಮರುಬಿಡುಗಡೆಯೂ ಆಗಿದೆ. ಆಮೇಲೆ ಸ್ಕ್ರೂಗಳ ತಲೆ ನೋಡಿ. ಗೀರು ಬಿದ್ದಿದ್ದರೆ ಯಾರೋ ಬಿಚ್ಚಿದ್ದಾರೆ. ಒಳಗೆ ಸ್ಪ್ರಿಂಗೋ ಕೀಲೋ ಬದಲಾಗಿರಬಹುದು. ಸ್ಟಿಕ್ಕರ್ ತೀರಾ ಹೊಸದಾಗಿ, ಅಂಚು ಸ್ವಲ್ಪವೂ ಏಳದೆ ಕೂತಿದ್ದರೆ ಅದು ಈಚೆಗೆ ಮುದ್ರಿಸಿ ಅಂಟಿಸಿದ್ದು. ತಪ್ಪೇನಿಲ್ಲ, ಆದರೆ ಮಾರುವವರು ಅದನ್ನು ಬಾಯಿಬಿಟ್ಟು ಹೇಳಬೇಕು.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಸೊಂಟ. ಪಿಸ್ತೂಲಿನ ಹಿಡಿಕೆ ಎರಡು ಹೋಳಾಗಿ ಕಾಲಾಗುತ್ತೆ, ಭಾರವೆಲ್ಲ ಸೊಂಟದ ಕೀಲಿನ ಮೇಲೆ. ನನ್ನ ಹತ್ತಿರ ಇರುವುದು ನಿಂತಲ್ಲೇ ಒಂದು ಪಕ್ಕಕ್ಕೆ ವಾಲುತ್ತೆ. ಗೋಡೆಗೆ ಒರಗಿಸಿ ಇಟ್ಟಿದ್ದೇನೆ. ಹಾಗಾಗಿ ಫೋಟೊ ನಂಬಬೇಡಿ. ಪಿಸ್ತೂಲಿನಿಂದ ರೋಬೋ ಆಗಿ, ಮತ್ತೆ ಪಿಸ್ತೂಲಾಗುವವರೆಗೆ ಒಂದೇ ವಿಡಿಯೊ ಮಾಡಿ ಕಳಿಸಿ ಅಂತ ಕೇಳಿ. ರೋಬೋ ಆದಾಗ ಏನೂ ಆಸರೆ ಇಲ್ಲದೆ ನಿಲ್ಲುತ್ತಾ ನೋಡಿ. ವಿಡಿಯೊ ಕಳಿಸಲು ಸಬೂಬು ಹೇಳಿದರೆ ಅಲ್ಲಿಗೆ ಬಿಟ್ಟುಬಿಡಿ.

ಸ್ಕೋಪು, ಸ್ಟಾಕು, ಸೈಲೆನ್ಸರು ಮೂರೂ ಇರಲೇಬೇಕು. ಅದರಲ್ಲೂ ಸ್ಕೋಪು. ಅದೇ ರೋಬೋ ತೋಳಿಗೆ ಫಿರಂಗಿಯಾಗಿ ಕೂರುವುದು, ಅದಿಲ್ಲದ ಮೆಗಾಟ್ರಾನ್ ಬೋಳು ಬೋಳು. ಬಿಡಿ ಭಾಗ ಆಮೇಲೆ ಕೊಂಡರಾಯಿತು ಅಂದುಕೊಳ್ಳಬೇಡಿ. ಅವಕ್ಕೂ ನಕಲಿ ಧಾರಾಳವಾಗಿವೆ. ಬರೀ ಮೈ ಮಾತ್ರ ಇದ್ದರೆ ನಾನಾದರೆ ಪೂರ್ತಿ ಸೆಟ್ಟಿನ ಬೆಲೆಯ ಅರ್ಧವೂ ಕೊಡುವುದಿಲ್ಲ.

ಇನ್ನೊಂದು ಗುರುತು ನಳಿಕೆಯ ತುದಿ. 1988ರಲ್ಲಿ ಅಮೆರಿಕದಲ್ಲಿ ಆಟಿಕೆ ಬಂದೂಕುಗಳಿಗೆ ಕಿತ್ತಳೆ ಬಣ್ಣದ ತುದಿ ಇರಬೇಕು ಅನ್ನುವ ಕಾನೂನು ಬಂತು. 1984ರದ್ದು ಅದಕ್ಕಿಂತ ಹಿಂದಿನದು, ಮೂಲದಲ್ಲಿ ಕಿತ್ತಳೆ ಇಲ್ಲ. ಈಗ ಮಾರುವವರು ಕಾನೂನಿಗೆ ಹೆದರಿ ಒಂದು ಕಿತ್ತಳೆ ಮುಚ್ಚಳ ಸಿಕ್ಕಿಸಿರಬಹುದು. ಕಳಚಿ ಬಂದರೆ ಚಿಂತೆಯಿಲ್ಲ, ಕ್ರೋಮ್ ಮೇಲೇ ಪೇಂಟ್ ಬಳಿದಿದ್ದರೆ ಬೆಲೆ ಇಳಿಸಿ. ಅಮೆರಿಕದ ಅಂಗಡಿಗಳಲ್ಲಿ ಮೆಗಾಟ್ರಾನ್ ಮುಂದೆ ಪಿಸ್ತೂಲು ಬಿಟ್ಟು ಟ್ಯಾಂಕ್ ಆಗಿದ್ದರ ಹಿಂದೆಯೂ ಈ ತಲೆನೋವೇ ಇದೆ. 1993ರದ್ದು ಆಗಲೇ ಹಸಿರು ಟ್ಯಾಂಕು.

ಬೆಲೆಗೆ ನಾನು ಅಂಕಿ ಹೇಳುವುದಿಲ್ಲ, ತಿಂಗಳು ತಿಂಗಳಿಗೆ ಏರಿಳಿಯುತ್ತೆ. ಇಬೇಯಲ್ಲಿ ಕೇಳುತ್ತಿರುವ ಬೆಲೆ ನೋಡಬೇಡಿ, ಸುಮ್ನೆ ಯಾರು ಎಷ್ಟು ಬೇಕಾದರೂ ಕೇಳಬಹುದು. ಮಾರಾಟವಾದವು ಮಾತ್ರ ಕಾಣುವಂತೆ ಫಿಲ್ಟರ್ ಹಾಕಿ, ನಿಮ್ಮ ಗೊಂಬೆಯಷ್ಟೇ ಸವೆದಿರುವ, ಪೆಟ್ಟಿಗೆ ಇಲ್ಲದ ನಾಲ್ಕೈದನ್ನು ಹೋಲಿಸಿ. ಎಎಫ್‌ಎ (ಹಳೇ ಆಟಿಕೆಗಳ ಸ್ಥಿತಿ ನೋಡಿ ದರ್ಜೆ ಕೊಡುವ ಸಂಸ್ಥೆ) ಗ್ರೇಡ್ ಆಗಿ ಅಕ್ರಿಲಿಕ್ ಡಬ್ಬಿಯೊಳಗೆ ಸೀಲ್ ಆದವುಗಳ ಬೆಲೆ ಬೇರೆಯೇ ಲೋಕ. ಅದನ್ನು ನಿಮ್ಮದಕ್ಕೆ ಹೋಲಿಸಿ ಬೆಲೆ ಏರಿಸುವವರೂ ಇದ್ದಾರೆ, ಹುಷಾರು.

ನಿಮಗೆ ಬೇಕಿರುವುದು ಕಾರ್ಟೂನಿನ ಆ ಮುಖ, ಆ ದರ್ಪ ಅನ್ನುವುದಾದರೆ 1984ರದ್ದು ಬೇಡವೇ ಬೇಡ. 2017ರ ಟಕಾರ ಟೋಮಿ ಕಂಪನಿಯ ಎಂಪಿ-36 ಅನ್ನುವ ಮೆಗಾಟ್ರಾನ್ ತೆಗೆದುಕೊಳ್ಳಿ. ಕಾರ್ಟೂನಿನಿಂದ ಇಳಿದು ಬಂದಂತಿದೆ, ಪಿಸ್ತೂಲೂ ಆಗುತ್ತೆ. ಅದಕ್ಕೂ ನಕಲಿ ಉಂಟು, ಆದ್ದರಿಂದ ಗೊತ್ತಿರುವ ಅಂಗಡಿಯಲ್ಲೇ ಕೊಳ್ಳಿ. ಹಳೆಯದನ್ನು ಕೊಳ್ಳುವುದು ಹಳೆಯದು ಅನ್ನುವುದಕ್ಕೇ.

ಊರಿಗೆ ತರುವಾಗ ಕೈಚೀಲದಲ್ಲಿ ಇಡಲೇಬೇಡಿ. ಬಂದೂಕಿನಂತೆ ಕಾಣುವ ಆಟಿಕೆಯನ್ನು ಅಮೆರಿಕದಲ್ಲೂ ನಮ್ಮಲ್ಲೂ ವಿಮಾನದ ಒಳಗೆ ಬಿಡುವುದಿಲ್ಲ. ರೋಬೋ ಮಾಡಿ, ಬಿಡಿ ಭಾಗ ಬೇರೆ ಸುತ್ತಿ, ಚೆಕ್-ಇನ್ ಸೂಟ್‌ಕೇಸಿನಲ್ಲಿ ಬಟ್ಟೆ ನಡುವೆ ಇಡಿ. ಕ್ರೋಮ್‌ಗೆ ಟೇಪ್ ತಾಗದಿರಲಿ, ಕೀಳುವಾಗ ಅದೂ ಕಿತ್ತು ಬರುತ್ತೆ. ಕೊರಿಯರ್ ಯೋಚನೆ ಬಿಡಿ. ನಮ್ಮಲ್ಲಿ ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ ಏರಿತು, 2023ರಲ್ಲಿ 70ಕ್ಕೆ.

ವಿಡಿಯೊ ಸಿಕ್ಕಿದರೆ ಇಲ್ಲೇ ಹಾಕಿ. ಅಚ್ಚಿನ ಬರಹದ ಒಂದು ಹತ್ತಿರದ ಫೋಟೊ, ಫ್ಲಾಶ್ ಇಲ್ಲದೆ ತೆಗೆದದ್ದು, ಅದೂ ಬೇಕು. ನೋಡಿ ಹೇಳುತ್ತೇನೆ.