ಅಜ್ಜಿ ಹೇಳುವ ಇಸವಿಯನ್ನು ತಿದ್ದಲು ಹೋಗಬೇಡಿ

ಅಜ್ಜಿಯ ಜೀವನಚರಿತ್ರೆಯನ್ನು ಪುಸ್ತಕ ಮಾಡಿ ಹುಟ್ಟುಹಬ್ಬಕ್ಕೆ ಕೊಡಬೇಕು, ಆದರೆ ಅವರು ಇಸವಿಗಳನ್ನೆಲ್ಲ ಹಿಂದೆಮುಂದೆ ಮಾಡ್ತಾರೆ, ಹೇಗೆ ಸರಿಪಡಿಸೋದು ಅಂತ ಕೇಳಿದ್ದೀರಿ. ಸರಿಪಡಿಸಲೇಬೇಡಿ. ನಾನು ಸರಿಪಡಿಸಲು ಹೋಗಿ ಕೆಟ್ಟವನು.

ನಮ್ಮಜ್ಜಿ ಸಾಗರ ತಾಲ್ಲೂಕಿನವಳು, ದೀವರು ಅನ್ನೋ ಸಮುದಾಯದ ಮನೆಯವಳು. ಶರಾವತಿ ಮುಳುಗಡೆಯಲ್ಲಿ ಮನೆ, ಗದ್ದೆ ಕಳೆದುಕೊಂಡು ಶಿವಮೊಗ್ಗದ ಕಡೆ ಬಂದವರು ನಾವು. ಶರಾವತಿಗೆ ಅಡ್ಡ ಕಟ್ಟಿದ ಲಿಂಗನಮಕ್ಕಿ ಆಣೆಕಟ್ಟು ಮುಗಿದದ್ದು 1964ರಲ್ಲಿ. ನನಗೆ ಇದು ಬಾಯಿಪಾಠ. ಅಜ್ಜಿಯ ಲೆಕ್ಕದಲ್ಲಿ ಇಸವಿ ಅನ್ನೋದೇ ಇರಲಿಲ್ಲ. 'ಬಿದಿರಕ್ಕಿ ಆದ ವರ್ಷ', 'ನಿಮ್ಮಪ್ಪ ಹೊಟ್ಟೇಲಿದ್ದಾಗ', ಹೀಗೇ ಅವಳ ಎಣಿಕೆ. ಆಧಾರ್ ಕಾರ್ಡಿನಲ್ಲಿ ಮಾತ್ರ ಜನವರಿ 1ಕ್ಕೆ ಹುಟ್ಟಿದ್ದಳು. ನಮ್ಮೂರಿನ ಅರ್ಧ ಅಜ್ಜಿಯರು ಅವತ್ತೇ ಹುಟ್ಟಿದವರು!

ನಾನೂ ನಿಮ್ಮ ಹಾಗೇ ಪ್ರಶ್ನೆಗಳ ಪಟ್ಟಿ ಮಾಡಿಕೊಂಡು ಹೋಗಿದ್ದೆ. ಮೊಬೈಲ್ ಎದುರಿಗಿಟ್ಟ ಕೂಡಲೇ ಅಜ್ಜಿ ಸೆರಗು ಸರಿಮಾಡಿಕೊಂಡು, ಸ್ಟುಡಿಯೋದಲ್ಲಿ ಫೋಟೋ ತೆಗೆಸಿಕೊಳ್ಳೋರ ಹಾಗೆ ನೆಟ್ಟಗೆ ಕೂರುತ್ತಿದ್ದಳು. "ನಂದೇನಿರತ್ತೆ ಮಗಾ ಕಥೆ" ಅನ್ನೋದು ಬಿಟ್ಟರೆ ಬೇರೆ ಮಾತೇ ಬರುತ್ತಿರಲಿಲ್ಲ.

ಮಾತು ಬಂದದ್ದು ಗದ್ದೆಯ ಪೈರಿಗೆ ಪೂಜೆ ಮಾಡೋ ಭೂಮಿ ಹುಣ್ಣಿಮೆ ಹಬ್ಬ ಹತ್ತಿರ ಬಂದಾಗ, ಅವಳು ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುತ್ತಿದ್ದಾಗ. ಹುಣ್ಣಿಮೆಯ ರಾತ್ರಿಯೆಲ್ಲ ಅಡುಗೆ ಮಾಡಿ, ಬೆಳಗಿನ ಜಾವ ಗದ್ದೆಗೆ ಚರಗ, ಅಂದರೆ ಭೂಮಿಗೆ ಬೀರೋ ಎಡೆ, ಹೊತ್ತುಕೊಂಡು ಹೋಗುವ ಬುಟ್ಟಿ ಅದು. ಸಗಣಿ ಬಳಿದು ಒಣಗಿಸಿ, ಮೇಲೆ ಕೆಮ್ಮಣ್ಣು ಹಚ್ಚಿಟ್ಟಿದ್ದಳು. ನೆನೆಸಿದ ಅಕ್ಕಿ ಅರೆದ ಬಿಳಿ ಬಣ್ಣಕ್ಕೆ ಪುಂಡಿನಾರಿನ ಕುಂಚ ಅದ್ದಿ ಗೆರೆ ಎಳೆಯುತ್ತಿದ್ದಳು. ಗೆರೆ ಎಳೆಯುವಾಗ ಬಾಯಿ ಮುಚ್ಚಿರೋದು, ಕುಂಚ ಅದ್ದುವಾಗ ಒಂದು ಮಾತು. ನಾನು ಏನೂ ಕೇಳಿರಲಿಲ್ಲ. ಅವಳಾಗೇ ಶುರು ಮಾಡಿದಳು.

"ನೀರು ಬಂದಾಗ ನಾ ಇನ್ನೂ ಲಂಗ ಉಡ್ತಿದ್ದೆ. ಅಪ್ಪಯ್ಯ ಬಾಗಿಲ ಚೌಕಟ್ಟು ಕಿತ್ತು ಗಾಡಿಗೆ ಹಾಕ್ದ. ಚಿತ್ತಾರ ಬರ್ದ ಗೋಡೆ ಕೀಳಾಕೆ ಆಗತ್ತಾ?"

ಅಲ್ಲೇ ನಾನು ಬಾಯಿ ಹಾಕಿದೆ. "ಅಜ್ಜೀ, ನೀರು ಬಂದದ್ದು ಅರವತ್ನಾಲ್ಕರಲ್ಲಿ. ಆಗ ನಿಂಗೆ ಮದುವೆ ಆಗಿ ಮಕ್ಕಳೂ ಇದ್ರಲ್ಲ." ಸುಮ್ನೆ ಹೇಳಿದ್ದರೂ ಆಗುತ್ತಿತ್ತೇನೋ, ಮೊಬೈಲ್ ತೆಗೆದು ಇಸವಿ ಬೇರೆ ತೋರಿಸಿದೆ. ಅಜ್ಜಿ ಕುಂಚ ಅದ್ದಿದಳು, ಗೆರೆ ಎಳೆದಳು. ಆಮೇಲೆ "ನಿಂಗೇ ಎಲ್ಲಾ ಗೊತ್ತಲ, ನೀನೇ ಬರ್ಕ" ಅಂದಳು. ಅಲ್ಲಿಂದ ಮುಂದೆ ಏನು ಕೇಳಿದರೂ "ನಂಗೆ ನೆಪ್ಪಿಲ್ಲ, ನಿಮ್ಮಪ್ಪನ್ನ ಕೇಳು" ಅನ್ನೋದೇ ಉತ್ತರ.

ಅವಳು ತೀರಿಕೊಂಡ ಮೇಲೆ ತಿಥಿಯ ದಿನ ಅವಳ ತಮ್ಮ ಬಂದಿದ್ದರು. ಊಟಕ್ಕೆ ಕೂತಾಗ ಅವರು ಹೇಳಿದ್ದು ಕೇಳಿ ತುತ್ತು ಗಂಟಲಲ್ಲೇ ನಿಂತಿತು. ನೀರು ಎರಡು ಸಲ ಬಂದಿತ್ತು. ಲಿಂಗನಮಕ್ಕಿಗೂ ಮೊದಲು, ಜೋಗದ ವಿದ್ಯುತ್ ಕೇಂದ್ರಕ್ಕೆ ನೀರು ನಿಲ್ಲಿಸೋಕೆ ಮಡೆನೂರಿನ ಹತ್ತಿರ ಹಿರೇಭಾಸ್ಕರ ಆಣೆಕಟ್ಟು ಕಟ್ಟಿದ್ದರು. ಮುಗಿದದ್ದು 1948ರಲ್ಲಿ. ಅಜ್ಜಿಯ ತವರು ಹೋಗಿದ್ದು ಆ ನೀರಿಗೆ, ಗಂಡನ ಮನೆ ಹೋಗಿದ್ದು ಲಿಂಗನಮಕ್ಕಿಯ ನೀರಿಗೆ. ಮೊದಲನೇ ಆಣೆಕಟ್ಟೂ ಎರಡನೆಯದರ ಹಿನ್ನೀರಲ್ಲೇ ಮುಳುಗಿತು. ಮಳೆ ಕಮ್ಮಿಯಾದ ವರ್ಷ ಬೇಸಿಗೆಯಲ್ಲಿ ಅದು ತಲೆ ಎತ್ತುತ್ತದೆ, ಜನ ಹೋಗಿ ಸೆಲ್ಫಿ ತೆಗೀತಾರೆ. ಪೇಪರಿನಲ್ಲಿ ಆ ಫೋಟೋ ನಾನೂ ನೋಡಿದ್ದೆ ಕಣ್ರೀ! ಅಜ್ಜಿಯ ಮಾತಿಗೂ ಅದಕ್ಕೂ ಗಂಟು ಹಾಕೋ ಬುದ್ಧಿ ಮಾತ್ರ ಬರಲಿಲ್ಲ.

ದೊಡ್ಡವರ ಮಾತಿನ ಮಧ್ಯೆ ಬಾಯಿ ಹಾಕಿದೆ ಅನ್ನೋದು ಸಣ್ಣ ವಿಷಯ. ನನಗೆ ಒಂದೇ ಮುಳುಗಡೆ ಗೊತ್ತಿತ್ತು, ಹಾಗಾಗಿ ಅವಳ ಬಾಳಿನಲ್ಲೂ ಒಂದೇ ಇರಬೇಕು ಅಂದುಕೊಂಡೆ. ಅವಳು ತಪ್ಪಿದ್ದಾಳೆ ಅಂತ ತೀರ್ಮಾನ ಮಾಡುವ ಮೊದಲು 'ಯಾವ ನೀರು ಅಜ್ಜಿ?' ಅಂತ ಕೇಳಿದ್ದರೆ ಸಾಕಿತ್ತು. ಆ ತಮ್ಮ ಆಗ ಕೈಗೂಸು, ಅವರಿಗೆ ಮನೆಯ ನೆನಪಿಲ್ಲ. ಅಜ್ಜಿಯ ತವರಿನ ಬಗ್ಗೆ ಈಗ ನಮ್ಮ ಹತ್ತಿರ ಇರೋದು ಒಂದು ಬಾಗಿಲ ಚೌಕಟ್ಟಿನ ಸುದ್ದಿ ಮಾತ್ರ.

ಇನ್ನು ನಿಮ್ಮ ಪುಸ್ತಕದ ವಿಷಯ. ನನ್ನನ್ನು ಕೇಳಿದರೆ ಬೇಡ. ಹುಟ್ಟು, ಮದುವೆ, ಮಕ್ಕಳು ಅಂತ ಸಾಲಾಗಿ ಜೋಡಿಸೋ ಆಸೆ ನಿಮ್ಮದು, ಅಜ್ಜಿಯದಲ್ಲ. ಪ್ರಶ್ನೆಗಳ ಪಟ್ಟಿ ಹರಿದು ಹಾಕಿ. ಸೊಪ್ಪು ಬಿಡಿಸುವಾಗಲೋ ಬತ್ತಿ ಹೊಸೆಯುವಾಗಲೋ ಪಕ್ಕದಲ್ಲಿ ಕೂತು ನೀವೂ ಕೈ ಹಾಕಿ. ರೆಕಾರ್ಡ್ ಮಾಡ್ತೀನಿ ಅಂತ ಮೊದಲೇ ಹೇಳಿ, ಆಮೇಲೆ ಮೊಬೈಲ್ ಕಣ್ಣಿಗೆ ಬೀಳದ ಕಡೆ ಇಡಿ. ಅವರ ವಾರಗೆಯ ಒಬ್ಬರನ್ನು ಕರೆಸಿದರೆ ಇನ್ನೂ ಒಳ್ಳೆಯದು. ಇಬ್ಬರೂ ಜಗಳ ಆಡ್ತಾರೆ, ಆಡಲಿ, ಮಧ್ಯಸ್ಥಿಕೆಗೆ ಹೋಗಬೇಡಿ. ಇಸವಿ ಹುಡುಕೋ ಕೆಲಸ ಮನೆಗೆ ಬಂದ ಮೇಲೆ ಒಬ್ಬರೇ ಮಾಡಿಕೊಳ್ಳಿ. ತಾಳೆ ಆಗದಿದ್ದರೆ ಮೊದಲು ನಿಮ್ಮ ತಿಳಿವಳಿಕೆಯನ್ನೇ ಅನುಮಾನಿಸಿ.

ನಿಮ್ಮಜ್ಜಿಯ ತವರೂರು ನೀರಿನ ಮೇಲೆ ಇದ್ದರೆ ಪ್ರೆಸ್ಸಿಗೆ ಕೊಡೋ ದುಡ್ಡಲ್ಲಿ ಒಂದು ಕಾರು ಮಾಡಿ ಕರೆದುಕೊಂಡು ಹೋಗಿ. ದಾರಿಯುದ್ದಕ್ಕೂ ಮಾತಾಡ್ತಾರೆ. ಡ್ರೈವಿಂಗ್ ಬೇರೆ ಯಾರಾದರೂ ಮಾಡಲಿ, ನೀವು ಹಿಂದೆ ಅವರ ಪಕ್ಕ ಕೂತ್ಕೊಳ್ಳಿ.